ಬೈಗುಳದ ಹಾಡು, ಕಾಣದ ಕೈ, ರುಜುವಾತಿನ ಹೊಣೆ

2025ರ ಅಕ್ಟೋಬರ್ 9ರಂದು ನ್ಯೂಯಾರ್ಕಿನ ಫೆಡರಲ್ ಜಿಲ್ಲಾ ನ್ಯಾಯಾಲಯದ ನ್ಯಾಯಾಧೀಶೆ ಜೆನೆಟ್ ವರ್ಗಾಸ್ ಅವರು ಒಂದು ಮಾನನಷ್ಟ ದಾವೆಯನ್ನು ಸಾಕ್ಷಿ ವಿಚಾರಣೆಯ ಹಂತ ಮುಟ್ಟುವ ಮೊದಲೇ ವಜಾಗೊಳಿಸಿದರು. ವಾದಿ ಕೆನಡಾದ ಪ್ರಖ್ಯಾತ ರ‍್ಯಾಪ್ ಗಾಯಕ ಡ್ರೇಕ್. ಪ್ರತಿವಾದಿ ಜಗತ್ತಿನ ಅತಿ ದೊಡ್ಡ ಸಂಗೀತ ಪ್ರಕಾಶನ ಸಂಸ್ಥೆಯಾದ ಯೂನಿವರ್ಸಲ್ ಮ್ಯೂಸಿಕ್ ಗ್ರೂಪ್. ವ್ಯಾಜ್ಯಕ್ಕೆ ಮೂಲವಾದದ್ದು ಕ್ಯಾಲಿಫೋರ್ನಿಯದ ಕೆಂಡ್ರಿಕ್ ಲಮಾರ್ ಬರೆದು ಹಾಡಿದ ‘ನಾಟ್ ಲೈಕ್ ಅಸ್’ ಎಂಬ ಒಂದು ನಿಂದಾಗೀತೆ. ಸೋಜಿಗವೆಂದರೆ, ಬೈದು ಹಾಡಿದಾತನ ಮೇಲೆ ದಾವೆಯೇ ಇರಲಿಲ್ಲ. ಆ ಹಾಡನ್ನು ಮಾರಿದ ಸಂಸ್ಥೆಯ ಮೇಲಷ್ಟೇ ಇತ್ತು. ಅದಕ್ಕಿಂತ ದೊಡ್ಡ ಸೋಜಿಗವೆಂದರೆ, ಅದೇ ಸಂಸ್ಥೆ ವಾದಿಯ ಹಾಡುಗಳನ್ನೂ ಮಾರುತ್ತದೆ.

ರ‍್ಯಾಪ್ ಸಂಗೀತವನ್ನು ಕೇಳದವರೂ ಈ ಪ್ರಕರಣವನ್ನು ಗಮನಿಸಲು ಕಾರಣವಿದೆ. ಬಹಿರಂಗವಾಗಿ ನಡೆಯುವ ಯಾವುದೇ ಜಗಳದ ಹಿಂದೆ ತೆರೆಮರೆಯ ಸೂತ್ರಧಾರನೊಬ್ಬನಿದ್ದಾನೆ ಎಂಬ ಶಂಕೆ ಮನುಷ್ಯಸಹಜ. ಆ ಶಂಕೆ ಅರಳಿಕಟ್ಟೆಯಲ್ಲಿ ಉಳಿದರೆ ಹರಟೆ. ನ್ಯಾಯಾಲಯದ ಮೆಟ್ಟಿಲೇರಿದರೆ ಅದು ರುಜುವಾತಿನ ಹೊಣೆಯನ್ನು ಹೊರಬೇಕಾಗುತ್ತದೆ. ನಿಂದಾಗೀತೆಗಳ ಸುತ್ತ ಐವತ್ತು ವರ್ಷಗಳಲ್ಲಿ ಹುಟ್ಟಿಕೊಂಡ ಪಿತೂರಿ ಕಥನಗಳಲ್ಲಿ ಯಾವುದು ಆ ಹೊಣೆಯನ್ನು ಹೊತ್ತು ನಿಂತಿತು, ಯಾವುದು ಕುಸಿಯಿತು ಎಂಬುದನ್ನು ಪರಿಶೀಲಿಸುವುದು ಇಂದಿನ ವಾಟ್ಸ್ಆ್ಯಪ್ ಕಾಲದಲ್ಲಿ ಎಲ್ಲರಿಗೂ ಉಪಯುಕ್ತ.

ವಾಗ್ವಾದವೇ ಕಲೆಯಾದಾಗ

ಹಿಪ್-ಹಾಪ್ ಸಂಸ್ಕೃತಿಯ ಹುಟ್ಟನ್ನು ಸಾಮಾನ್ಯವಾಗಿ 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ ನಡೆದ ಒಂದು ಸಂತೋಷಕೂಟದಿಂದ ಲೆಕ್ಕ ಹಿಡಿಯುತ್ತಾರೆ. ಬಡ ಕರಿಯರ ಮತ್ತು ಲ್ಯಾಟಿನ್ ಮೂಲದವರ ಆ ಕೇರಿಗಳಲ್ಲಿ ಎದುರಾಳಿಯನ್ನು ಪ್ರಾಸಬದ್ಧವಾಗಿ ಹಂಗಿಸುವುದು ಮೊದಲಿನಿಂದಲೂ ಇದ್ದ ಆಟ. ಅದು ಧ್ವನಿಮುದ್ರಿಕೆಗೆ ಬಂದಾಗ ‘ಡಿಸ್ ಟ್ರ್ಯಾಕ್’ ಎನಿಸಿಕೊಂಡಿತು. 1984ರಲ್ಲಿ ಯು.ಟಿ.ಎಫ್.ಓ. ಎಂಬ ತಂಡದ ಹಾಡೊಂದಕ್ಕೆ ರೊಕ್ಸಾನ್ ಶಾಂಟೆ ಎಂಬ ಹದಿನಾಲ್ಕರ ಹುಡುಗಿ ಉತ್ತರ ಹಾಡಿದಳು. ಅದಕ್ಕೆ ಉತ್ತರ, ಉತ್ತರಕ್ಕೆ ಪ್ರತ್ಯುತ್ತರ ಎಂದು ಹಾಡುಗಳ ಮಾಲೆಯೇ ಬೆಳೆಯಿತು. 1986–87ರಲ್ಲಿ ಎಂ.ಸಿ. ಶಾನ್ ಮತ್ತು ಕೆ.ಆರ್.ಎಸ್.-ವನ್ ನಡುವೆ ಈ ಕಲೆ ಹುಟ್ಟಿದ ಕೇರಿ ಯಾವುದೆಂಬ ಬಗ್ಗೆ ಹಾಡಿನ ಕಾಳಗ ನಡೆಯಿತು. ಹೀಗೆ ಹಂಗಿಸುವಿಕೆಗೆ ಒಂದು ನಿಯಮಾವಳಿ ರೂಪುಗೊಂಡಿತು: ಉತ್ಪ್ರೇಕ್ಷೆ ಸಹಜ, ಉತ್ತರಿಸದೆ ಸುಮ್ಮನಾದವನು ಸೋತ, ತೀರ್ಪು ಕೇಳುಗರದು.

ಗಡಿನಾಡಿನ ಕನ್ನಡಿಗರಿಗೆ ಇದು ಅಪರಿಚಿತ ಲೋಕವಲ್ಲ. ಕಾಸರಗೋಡಿನ ತಾಳಮದ್ದಳೆಯಲ್ಲಿ ‘ವಾಲಿಮೋಕ್ಷ’ದ ವಾಲಿ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಎಷ್ಟು ಕಟುವಾಗಿ ಹಳಿದರೂ ಸಭೆಯಲ್ಲಿ ಕುಳಿತವನು ಅದನ್ನು ಅರ್ಥಧಾರಿಯ ಪ್ರಮಾಣಪತ್ರವೆಂದು ತಿಳಿಯುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಹಳ್ಳಿಗಳಲ್ಲಿ ಹರದೇಶಿ-ನಾಗೇಶಿ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳಗಾಗುವವರೆಗೆ ಸವಾಲು-ಜವಾಬು ಹಾಡಿದರೂ ಮರುದಿನ ಯಾರೂ ಪೊಲೀಸ್ ಠಾಣೆಗೆ ಹೋಗುವುದಿಲ್ಲ. ಮಾತಿನ ಅರ್ಥವನ್ನು ಮಾತಷ್ಟೇ ನಿರ್ಧರಿಸುವುದಿಲ್ಲ. ಅದು ಆಡಲ್ಪಟ್ಟ ರಂಗವೂ ನಿರ್ಧರಿಸುತ್ತದೆ. ಈ ಸರಳ ತಿಳಿವಳಿಕೆಯೇ ನ್ಯೂಯಾರ್ಕಿನ ತೀರ್ಪಿನ ಹೃದಯವೂ ಆಗಿದೆ. ಆದರೆ ವ್ಯತ್ಯಾಸವೂ ಇದೆ. ತಾಳಮದ್ದಳೆಯ ರಾಮ-ವಾಲಿಯರು ಪುರಾಣಪಾತ್ರಗಳು. ನಿಂದಾಗೀತೆಯಲ್ಲಿ ಹೆಸರಿಸಲ್ಪಡುವವರು ಮನೆ, ಮಕ್ಕಳು, ಬಾಗಿಲ ಕಾವಲುಗಾರರಿರುವ ಬದುಕಿರುವ ಮನುಷ್ಯರು.

ಒಂದು ವಸಂತದ ಕಾಳಗ

2024ರ ಮಾರ್ಚ್ 22ರಂದು ಬಿಡುಗಡೆಯಾದ ‘ಲೈಕ್ ದಟ್’ ಎಂಬ ಹಾಡಿನಲ್ಲಿ ಲಮಾರ್ ತಮಗೆ ಸಮಾನರಾರೂ ಇಲ್ಲವೆಂದು ಸಾರಿದರು. ಇದರಿಂದ ಕೆಣಕಲ್ಪಟ್ಟ ಜೆ. ಕೋಲ್ ಎಂಬ ಮೂರನೆಯ ಗಾಯಕ ಉತ್ತರ ಹಾಡಿ, ಎರಡೇ ದಿನಗಳಲ್ಲಿ ಬಹಿರಂಗವಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿ ಹಿಂದೆ ಸರಿದರು. ಡ್ರೇಕ್ ಸರಿಯಲಿಲ್ಲ. ಏಪ್ರಿಲ್ ತಿಂಗಳಲ್ಲಿ ಅವರು ಬಿಟ್ಟ ಹಾಡೊಂದರಲ್ಲಿ ದಿವಂಗತ ಟುಪಾಕ್ ಶಕೂರ್ ಅವರ ಧ್ವನಿಯನ್ನು ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿ ಲಮಾರ್‌ಗೆ ಸವಾಲು ಹಾಕಿಸಿದರು. ಟುಪಾಕ್ ಆಸ್ತಿಯ ವಾರಸುದಾರರು ಕಾನೂನು ಎಚ್ಚರಿಕೆ ನೀಡಿದ ಮೇಲೆ ಅದನ್ನು ಹಿಂತೆಗೆದುಕೊಂಡರು. ಏಪ್ರಿಲ್ 30ರಿಂದ ಮೇ 5ರವರೆಗಿನ ಕೆಲವೇ ದಿನಗಳಲ್ಲಿ ಇಬ್ಬರ ನಡುವೆ ಹಾಡುಗಳು ಬಾಣಗಳಂತೆ ಹರಿದಾಡಿದವು. ಡ್ರೇಕ್, ಲಮಾರ್ ಮೇಲೆ ಕೌಟುಂಬಿಕ ಹಿಂಸೆಯ ಆರೋಪ ಹೊರಿಸಿದರು. ಮೇ 4ರ ‘ನಾಟ್ ಲೈಕ್ ಅಸ್’ನಲ್ಲಿ ಲಮಾರ್, ಡ್ರೇಕ್ ಮತ್ತು ಅವರ ಸಂಗಡಿಗರನ್ನು ಮಕ್ಕಳ ಮೇಲೆ ಕಣ್ಣಿಡುವವರೆಂದು ಕರೆದರು. ಹಾಡಿನ ಮುಖಚಿತ್ರದಲ್ಲಿ ಟೊರಾಂಟೊದ ಡ್ರೇಕ್ ಮನೆಯ ಆಕಾಶನೋಟವಿತ್ತು. ಅದರ ಮೇಲೆ ಲೈಂಗಿಕ ಅಪರಾಧಿಗಳ ನೆಲೆಯನ್ನು ಸೂಚಿಸುವ ಗುರುತುಗಳಿದ್ದವು. ಡ್ರೇಕ್ ಈ ಆರೋಪವನ್ನು ಮರುದಿನದ ಹಾಡಿನಲ್ಲೇ ಅಲ್ಲಗಳೆದರು.

ಮೇ 7ರ ಬೆಳಗಿನ ಜಾವ ಅದೇ ಮನೆಯ ಬಾಗಿಲಲ್ಲಿ ಗುಂಡು ಹಾರಿ ಕಾವಲುಗಾರನೊಬ್ಬ ತೀವ್ರವಾಗಿ ಗಾಯಗೊಂಡ. ಹಾಡಿನ ಮಾತು ಹಾಡಿನಲ್ಲೇ ಉಳಿಯಲಿಲ್ಲ ಎಂಬುದಕ್ಕೆ ಡ್ರೇಕ್ ಪರ ವಕೀಲರು ಮುಂದೆ ಈ ಘಟನೆಯನ್ನೇ ಬೊಟ್ಟುಮಾಡಿದರು.

ಎರಡು ಶಂಕೆಗಳು, ಒಂದಕ್ಕೊಂದು ವಿರುದ್ಧ

ಈ ಕಾಳಗದ ಕುರಿತು ಹುಟ್ಟಿದ ಪಿತೂರಿ ಕಥನಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು: ಡ್ರೇಕ್ ಹಾಡುಗಳನ್ನು ಯೂನಿವರ್ಸಲ್‌ನ ರಿಪಬ್ಲಿಕ್ ವಿಭಾಗವೂ ಲಮಾರ್ ಹಾಡುಗಳನ್ನು ಅದರದೇ ಇಂಟರ್‌ಸ್ಕೋಪ್ ವಿಭಾಗವೂ ಹೊರತರುತ್ತವೆ, ಯಾರು ಗೆದ್ದರೂ ಹಣ ಒಂದೇ ಪೆಟ್ಟಿಗೆಗೆ ಬೀಳುತ್ತದೆ, ಆದ್ದರಿಂದ ಜಗಳವೇ ನಾಟಕ. ಎರಡನೆಯದು ಇದಕ್ಕೆ ತದ್ವಿರುದ್ಧ: ಡ್ರೇಕ್ ಅವರ ಒಪ್ಪಂದ ನವೀಕರಣದ ಮಾತುಕತೆ ಸಮೀಪಿಸುತ್ತಿದ್ದುದರಿಂದ ಅವರ ಬೆಲೆಯನ್ನು ತಗ್ಗಿಸಲು ಸಂಸ್ಥೆಯೇ ಎದುರಾಳಿಯ ಹಾಡನ್ನು ಅಡ್ಡದಾರಿಯಲ್ಲಿ ಎತ್ತಿ ಕಟ್ಟಿತು. ಒಂದು ಕಥನದಲ್ಲಿ ಡ್ರೇಕ್ ಸಂಚಿನ ಪಾಲುದಾರ. ಇನ್ನೊಂದರಲ್ಲಿ ಅದರ ಬಲಿಪಶು. ಎರಡೂ ಕಥನಗಳು ಆಧರಿಸಿದ್ದು ಒಂದೇ ಸಂಗತಿಯನ್ನು: ಸಂಸ್ಥೆಗೆ ಲಾಭವಾಯಿತು. ಲಾಭವಾದವನೇ ಕೃತ್ಯ ಎಸಗಿದವನು ಎಂಬ ತರ್ಕ ತನಿಖೆಯನ್ನು ಆರಂಭಿಸಲು ಸಾಕು, ಮುಗಿಸಲು ಸಾಲದು. ಒಂದೇ ಸಂಗತಿ ಎರಡು ವಿರುದ್ಧ ಕಥೆಗಳನ್ನು ಸಮಾನವಾಗಿ ಪೋಷಿಸುವುದಾದರೆ ಅದು ಎರಡನ್ನೂ ರುಜುವಾತುಪಡಿಸುವುದಿಲ್ಲ.

ಎರಡನೆಯ ಶಂಕೆ ನ್ಯಾಯಾಲಯಕ್ಕೆ ಬಂತು. 2024ರ ನವೆಂಬರ್‌ನಲ್ಲಿ ಡ್ರೇಕ್ ಅವರ ಕಂಪನಿ ನ್ಯೂಯಾರ್ಕ್ ರಾಜ್ಯ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಿ, ಯೂನಿವರ್ಸಲ್ ಮತ್ತು ಸ್ಪಾಟಿಫೈ ಸಂಸ್ಥೆಗಳು ಯಂತ್ರಚಾಲಿತ ನಕಲಿ ಕೇಳುಗರಿಂದಲೂ ಗುಟ್ಟಾದ ಪಾವತಿಗಳಿಂದಲೂ ಹಾಡಿನ ಜನಪ್ರಿಯತೆಯನ್ನು ಉಬ್ಬಿಸಿದವೆಂದು ಹೇಳಿತು. ಎರಡೂ ಸಂಸ್ಥೆಗಳು ಇದನ್ನು ನಿರಾಕರಿಸಿದವು. 2025ರ ಜನವರಿ ಮಧ್ಯದಲ್ಲಿ ಆ ಅರ್ಜಿ ಹಿಂತೆಗೆದುಕೊಳ್ಳಲ್ಪಟ್ಟು, ಫೆಡರಲ್ ನ್ಯಾಯಾಲಯದಲ್ಲಿ ಯೂನಿವರ್ಸಲ್ ಒಂದರ ಮೇಲೆಯೇ ಮಾನನಷ್ಟ ದಾವೆ ದಾಖಲಾಯಿತು. ತನ್ನದೇ ಕಲಾವಿದನಲ್ಲಿ ಅಪಾರ ಬಂಡವಾಳ ಹೂಡಿರುವಾಗ ಅವನನ್ನು ಹಾಳುಗೆಡಹುವುದರಿಂದ ತನಗೇನು ಪ್ರಯೋಜನ ಎಂಬುದು ಸಂಸ್ಥೆಯ ಉತ್ತರವಾಗಿತ್ತು. ಇತ್ತ ಫೆಬ್ರವರಿ 2ರಂದು ಆ ಹಾಡಿಗೆ ಐದು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಒಂದು ವಾರದ ಬಳಿಕ ಸೂಪರ್ ಬೌಲ್ ಕ್ರೀಡೋತ್ಸವದ ವಿರಾಮದಲ್ಲಿ ಲಮಾರ್ ಅದನ್ನು ಕೋಟ್ಯಂತರ ಜನರೆದುರು ಹಾಡಿದರು.

ಡ್ರೇಕ್ ಅವರ ಶಂಕೆಗೆ ಇತಿಹಾಸದ ಆಧಾರವೇ ಇಲ್ಲವೆನ್ನುವಂತಿಲ್ಲ. ಹಣ ಕೊಟ್ಟು ರೇಡಿಯೊದಲ್ಲಿ ಹಾಡು ಹಾಕಿಸುವ ‘ಪೇಯೋಲಾ’ ಪದ್ಧತಿಯ ಬಗ್ಗೆ ಅಮೆರಿಕದ ಸಂಸತ್ತು 1959–60ರಲ್ಲೇ ವಿಚಾರಣೆ ನಡೆಸಿ ಕಾನೂನು ತಿದ್ದಿತ್ತು. 2005ರಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ನಡೆಸಿದ ತನಿಖೆಯ ಬಳಿಕ ಸೋನಿ ಬಿ.ಎಂ.ಜಿ. ಸಂಸ್ಥೆ 1 ಕೋಟಿ ಡಾಲರ್ ಪಾವತಿಸಿ ರಾಜಿ ಮಾಡಿಕೊಂಡಿತು. ಮರುವರ್ಷ ಯೂನಿವರ್ಸಲ್ 1.2 ಕೋಟಿ ಡಾಲರ್ ತೆತ್ತಿತು. ಆದರೆ ಆ ತನಿಖೆಯ ಕೈಯಲ್ಲಿ ಸಂಸ್ಥೆಗಳ ಒಳಗಿನ ಪತ್ರವ್ಯವಹಾರಗಳಿದ್ದವು. ಹಿಂದೆ ಒಮ್ಮೆ ತಪ್ಪಿದವನು ಈಗಲೂ ತಪ್ಪಿದ್ದಾನೆಂಬುದು ಊಹೆ. ಈಗಿನ ತಪ್ಪಿಗೆ ಈಗಿನದೇ ಸಾಕ್ಷ್ಯ ಬೇಕು.

ನ್ಯಾಯಾಧೀಶೆ ಕಂಡದ್ದು

ನ್ಯೂಯಾರ್ಕಿನ ಕಾನೂನಿನಲ್ಲಿ ಒಂದು ಮಾತು ವಾಸ್ತವದ ಹೇಳಿಕೆಯೋ ಅಭಿಪ್ರಾಯವೋ ಎಂದು ನಿರ್ಧರಿಸಲು ಮೂರು ಅಳತೆಗೋಲುಗಳಿವೆ. ಆ ಮಾತಿಗೆ ನಿಖರವಾದ, ಸುಲಭಗ್ರಾಹ್ಯವಾದ ಅರ್ಥವಿದೆಯೆ? ಅದು ನಿಜವೋ ಸುಳ್ಳೋ ಎಂದು ಸಾಬೀತುಪಡಿಸಬಹುದೆ? ಅದು ಬಂದಿರುವ ಒಟ್ಟು ಸಂದರ್ಭ ಕೇಳುಗನಿಗೆ ಇದು ಅಭಿಪ್ರಾಯವೆಂಬ ಸೂಚನೆಯನ್ನು ಕೊಡುತ್ತದೆಯೆ? ಅಪರಾಧದ ಆರೋಪ ಸಾಬೀತುಪಡಿಸಬಹುದಾದ ಸಂಗತಿ. ಆದರೂ ಮೂರನೆಯ ಅಳತೆಗೋಲು ಇಲ್ಲಿ ನಿರ್ಣಾಯಕವಾಯಿತು. ಕಟುನಿಂದೆಯ ಕಾಳಗದ ನಡುವೆ ಬಂದ ಗೀತೆಯನ್ನು ಸಾಮಾನ್ಯ ವಿವೇಕವುಳ್ಳ ಕೇಳುಗ ನಿಷ್ಪಕ್ಷಪಾತ ತನಿಖೆಯ ವರದಿಯೆಂದು ಭಾವಿಸುವುದಿಲ್ಲ ಎಂದು ನ್ಯಾಯಾಧೀಶೆ ಅಭಿಪ್ರಾಯಪಟ್ಟರು. ಟುಪಾಕ್‌ರ ಕೃತಕ ಧ್ವನಿಯಲ್ಲಿ ಡ್ರೇಕ್ ಹಾಕಿಸಿದ್ದ ಸವಾಲಿನಲ್ಲೇ ಈ ಆರೋಪದ ಪ್ರಸ್ತಾಪವಿತ್ತೆಂಬುದನ್ನೂ ಅವರು ಗಮನಿಸಿದರು. ಜಾಲತಾಣಗಳಲ್ಲಿ ಕೆಲವರು ಆರೋಪವನ್ನು ನಂಬಿದರೆಂಬ ವಾದ ಅವರಿಗೆ ಒಪ್ಪಿಗೆಯಾಗಲಿಲ್ಲ; ಲಕ್ಷಾಂತರ ಅನಿಸಿಕೆಗಳ ನಡುವೆ ನಂಬುವವರು ಕೆಲವರು ಸಿಕ್ಕೇ ಸಿಗುತ್ತಾರೆ. ಹಾಡು ಜನಪ್ರಿಯವಾದಷ್ಟೂ ಅದರ ಅರ್ಥ ಬದಲಾಗುತ್ತದೆಂಬ ವಾದವೂ ನಿಲ್ಲಲಿಲ್ಲ.

ಗುಪ್ತ ಪ್ರಚಾರದ ಆರೋಪವೂ ಬಿದ್ದುಹೋಯಿತು. ‘ಮಾಹಿತಿ ಮತ್ತು ನಂಬಿಕೆಯ ಮೇರೆಗೆ’ ಎಂಬ ವಾಕ್ಯಾಂಶವನ್ನು ವಕೀಲರು ಬಲ್ಲರು. ವಾದಪತ್ರದಲ್ಲಿ ಅದಕ್ಕೆ ಸ್ಥಾನವಿದೆ. ಆದರೆ ಆ ನಂಬಿಕೆಗೆ ಆಧಾರವಾದ ಸಂಗತಿಗಳನ್ನು ಹೇಳದಿದ್ದರೆ ಅದು ಬರಿಯ ನಂಬಿಕೆಯಾಗಿಯೇ ಉಳಿಯುತ್ತದೆ. ಡ್ರೇಕ್ ಮೇಲ್ಮನವಿ ಸಲ್ಲಿಸಿದರು. ಇಷ್ಟಕ್ಕೂ, ಹಾಡಿನ ಮಾತು ನಿಜವೆಂದು ಈ ತೀರ್ಪು ಎಲ್ಲಿಯೂ ಹೇಳಿಲ್ಲ. ಅದು ಸತ್ಯಾಸತ್ಯ ಪರೀಕ್ಷೆಗೆ ಒಳಪಡುವ ಬಗೆಯ ಮಾತೇ ಅಲ್ಲವೆಂದಷ್ಟೇ ಹೇಳಿದೆ. ತೀರ್ಪನ್ನು ಸಂಭ್ರಮಿಸಿದವರಲ್ಲಿಯೂ ಹಳಿದವರಲ್ಲಿಯೂ ಬಹುಪಾಲು ಜನ ಈ ವ್ಯತ್ಯಾಸವನ್ನು ಮರೆತರು.

ಎರಡು ಕೊಲೆಗಳ ನೆರಳು

ನಿಂದಾಗೀತೆಗಳ ಹಿಂದೆ ಕಾಣದ ಕೈಯನ್ನು ಹುಡುಕುವ ಚಟ ಬಲವಾಗಿ ಬೇರೂರಿದ್ದು 1990ರ ದಶಕದಲ್ಲಿ. 1994ರ ನವೆಂಬರ್ 30ರಂದು ಮ್ಯಾನ್‌ಹಟನ್‌ನ ಧ್ವನಿಮುದ್ರಣಾಲಯವೊಂದರ ಹಜಾರದಲ್ಲಿ ಟುಪಾಕ್ ಶಕೂರ್‌ಗೆ ಗುಂಡೇಟು ಬಿತ್ತು, ಬದುಕಿ ಉಳಿದರು. ಅಂದು ಅದೇ ಕಟ್ಟಡದಲ್ಲಿದ್ದ ಒಂದು ಕಾಲದ ಗೆಳೆಯ ಕ್ರಿಸ್ಟೋಫರ್ ವ್ಯಾಲೆಸ್, ಅಂದರೆ ‘ನೊಟೋರಿಯಸ್ ಬಿ.ಐ.ಜಿ.’, ಕೆಲವು ತಿಂಗಳಲ್ಲಿ ‘ಹೂ ಶಾಟ್ ಯಾ?’ ಎಂಬ ಹಾಡನ್ನು ಹೊರತಂದರು. ಅದು ಗುಂಡಿನ ದಾಳಿಗೆ ಮೊದಲೇ ಮುದ್ರಿತವಾದದ್ದೆಂದು ಅವರ ಕಡೆಯವರು ಹೇಳಿದರೂ ಟುಪಾಕ್ ನಂಬಲಿಲ್ಲ. ಹಾಡಿನಲ್ಲಿ ತಪ್ಪೊಪ್ಪಿಗೆಯನ್ನು ಕೇಳಿಸಿಕೊಂಡ ಮೊದಲಿಗರು ಟುಪಾಕ್ ಅವರೇ. 1996ರ ಜೂನ್‌ನಲ್ಲಿ ಅವರು ಭೀಕರವಾದ ನಿಂದಾಗೀತೆಯೊಂದರಿಂದ ಉತ್ತರಿಸಿದರು. ಅದೇ ವರ್ಷ ಸೆಪ್ಟೆಂಬರ್ 7ರಂದು ಲಾಸ್ ವೇಗಸ್‌ನಲ್ಲಿ ಅವರ ಕಾರಿನ ಮೇಲೆ ಗುಂಡಿನ ದಾಳಿಯಾಯಿತು. ಆರು ದಿನಗಳ ಬಳಿಕ ತೀರಿಕೊಂಡಾಗ ವಯಸ್ಸು 25. ಮುಂದಿನ ಮಾರ್ಚ್ 9ರಂದು ಲಾಸ್ ಏಂಜಲೀಸ್‌ನಲ್ಲಿ ವ್ಯಾಲೆಸ್ ಹತರಾದರು, ವಯಸ್ಸು 24.

ಆ ಬಳಿಕ ಕಥೆಗಳಿಗೆ ಕೊನೆಯೇ ಇಲ್ಲ. ಟುಪಾಕ್ ಸತ್ತೇ ಇಲ್ಲ, ಕ್ಯೂಬಾದಲ್ಲಿದ್ದಾರೆ. ಮರಣಾನಂತರ ಬಂದ ಧ್ವನಿಸುರುಳಿಗೆ ಮ್ಯಾಕಿಯವೆಲ್ಲಿಯನ್ನು ನೆನಪಿಸುವ ಹೆಸರಿಟ್ಟುಕೊಂಡದ್ದೇ ಸುಳಿವು. ಸಂಗೀತ ಸಂಸ್ಥೆಗಳೇ ಕೊಲ್ಲಿಸಿದವು. ರಹಸ್ಯ ಸಂಘವೊಂದು ಬಲಿ ಪಡೆಯಿತು. ಪ್ರತಿಷ್ಠಿತ ಪತ್ರಿಕೆಯೂ ಈ ಸುಳಿಯಲ್ಲಿ ಬಿತ್ತು. 2008ರ ಮಾರ್ಚ್‌ನಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ 1994ರ ದಾಳಿಯ ಸಂಚನ್ನು ಬಯಲಿಗೆಳೆಯುವುದಾಗಿ ಎಫ್.ಬಿ.ಐ. ದಾಖಲೆಗಳನ್ನು ಆಧರಿಸಿ ವರದಿ ಪ್ರಕಟಿಸಿತು. ಆ ದಾಖಲೆಗಳು ಬೆರಳಚ್ಚು ಯಂತ್ರದಲ್ಲಿ ಮೂಡಿದ್ದವು, ಎಫ್.ಬಿ.ಐ. ಅಷ್ಟರಲ್ಲಾಗಲೇ ಆ ಯಂತ್ರವನ್ನು ಕೈಬಿಟ್ಟಿತ್ತು. ಸೆರೆಮನೆಯಲ್ಲಿದ್ದ ವಂಚಕನೊಬ್ಬನ ಕೃತಕ ಸೃಷ್ಟಿ ಅದೆಂದು ಇನ್ನೊಂದು ಮಾಧ್ಯಮ ಕೆಲವೇ ದಿನಗಳಲ್ಲಿ ತೋರಿಸಿಕೊಟ್ಟಿತು. ಪತ್ರಿಕೆ ಏಪ್ರಿಲ್‌ನಲ್ಲಿ ವರದಿಯನ್ನು ಹಿಂತೆಗೆದುಕೊಂಡಿತು. ದಾಖಲೆಯೆಂದು ಕಂಡದ್ದೆಲ್ಲ ದಾಖಲೆಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಇಪ್ಪತ್ತೇಳು ವರ್ಷಗಳ ಬಳಿಕ, 2023ರ ಸೆಪ್ಟೆಂಬರ್ 29ರಂದು, ಟುಪಾಕ್ ಕೊಲೆ ಪ್ರಕರಣದಲ್ಲಿ ಡುವಾನ್ ಡೇವಿಸ್ ಎಂಬಾತನ ಬಂಧನವಾಯಿತು. ಸರಕಾರಿ ವಕೀಲರು ಹೇಳುವ ಕಾರಣದಲ್ಲಿ ರಹಸ್ಯ ಸಂಘವೂ ಇಲ್ಲ, ಸಂಗೀತ ಸಂಸ್ಥೆಯ ಸಂಚೂ ಇಲ್ಲ. ಅಂದು ರಾತ್ರಿ ಹೊಟೇಲೊಂದರಲ್ಲಿ ಟುಪಾಕ್ ಕಡೆಯವರು ಡೇವಿಸ್‌ನ ಸೋದರಳಿಯನನ್ನು ಥಳಿಸಿದ್ದರು. ಅದು ಕ್ಯಾಮೆರಾದಲ್ಲಿ ದಾಖಲಾಗಿತ್ತು. ಎರಡು ಪುಂಡರ ಗುಂಪುಗಳ ನಡುವಿನ ಹಗೆಯೇ ಗುಂಡಿಗೆ ಕಾರಣ ಎಂಬುದು ಅವರ ವಾದ. ಆರೋಪಿಯ ವಿರುದ್ಧ ಅವನದೇ ಆತ್ಮಕಥೆ ಮತ್ತು ಸಂದರ್ಶನಗಳು ಸಾಕ್ಷ್ಯವಾಗಿ ನಿಂತಿವೆ. ತಾನು ನಿರ್ದೋಷಿ ಎಂದು ಆತ ವಾದಿಸಿದ್ದಾನೆ, ನಿರ್ಣಯ ನ್ಯಾಯಾಲಯದ್ದು.

ನಿಜವಾಗಿದ್ದ ಪಿತೂರಿ

ಹಾಗಾದರೆ ಪಿತೂರಿ ಎಂದವರೆಲ್ಲ ಭ್ರಮಾಧೀನರೆ? ಹಾಗೆಂದು ತೀರ್ಮಾನಿಸುವ ಮುನ್ನ ಒಂದು ಇತಿಹಾಸವನ್ನು ನೆನೆಯಬೇಕು. ಟುಪಾಕ್ ಅವರ ತಾಯಿ ಅಫೇನಿ ಶಕೂರ್ ಕಪ್ಪು ಜನಾಂಗದ ಹಕ್ಕುಗಳಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಸದಸ್ಯೆ. ಬಾಂಬ್ ಸಂಚಿನ ಆರೋಪ ಹೊತ್ತ ಇಪ್ಪತ್ತೊಂದು ಮಂದಿಯಲ್ಲಿ ಅವರೂ ಒಬ್ಬರು. ಗರ್ಭಿಣಿಯಾಗಿದ್ದ ಅವರು ವಕೀಲರನ್ನು ಇಟ್ಟುಕೊಳ್ಳದೆ ತಮ್ಮ ಪರ ತಾವೇ ವಾದಿಸಿ, ಪಕ್ಷದೊಳಗೆ ನುಸುಳಿದ್ದ ಗುಪ್ತ ಪೊಲೀಸನನ್ನು ತಾವೇ ಪಾಟೀಸವಾಲಿಗೆ ಒಳಪಡಿಸಿದರು. 1971ರ ಮೇ ತಿಂಗಳಲ್ಲಿ ಖುಲಾಸೆಯಾಯಿತು. ಜೂನ್ 16ರಂದು ಟುಪಾಕ್ ಹುಟ್ಟಿದರು.

ಅದೇ ವರ್ಷ ಮಾರ್ಚ್ 8ರ ರಾತ್ರಿ ಪೆನ್ಸಿಲ್ವೇನಿಯದ ಮೀಡಿಯಾ ಎಂಬ ಊರಿನ ಎಫ್.ಬಿ.ಐ. ಕಚೇರಿಗೆ ಕೆಲವು ನಾಗರಿಕರು ನುಗ್ಗಿ ಕಡತಗಳನ್ನು ಹೊತ್ತೊಯ್ದು ಪತ್ರಿಕೆಗಳಿಗೆ ಕಳುಹಿಸಿದರು. 1956ರಿಂದ ನಡೆಯುತ್ತಿದ್ದ ‘ಕೋಯಿಂಟೆಲ್‌ಪ್ರೊ’ ಎಂಬ ರಹಸ್ಯ ಕಾರ್ಯಾಚರಣೆಯ ಹೆಸರು ಹೀಗೆ ಹೊರಬಂತು. ಸೆನೆಟರ್ ಫ್ರಾಂಕ್ ಚರ್ಚ್ ಅಧ್ಯಕ್ಷತೆಯ ಸಮಿತಿ 1976ರಲ್ಲಿ ನೀಡಿದ ವರದಿ ಅದರ ಸ್ವರೂಪವನ್ನು ದಾಖಲೆ ಸಮೇತ ಬಿಚ್ಚಿಟ್ಟಿತು. ಬ್ಲ್ಯಾಕ್ ಪ್ಯಾಂಥರ್ ಪಕ್ಷ ಮತ್ತು ‘ಯು.ಎಸ್.’ ಎಂಬ ಪ್ರತಿಸ್ಪರ್ಧಿ ಸಂಘಟನೆಯ ನಡುವಿನ ಭಿನ್ನಾಭಿಪ್ರಾಯವನ್ನು ಉರಿಸುವಂತೆ 1968ರ ನವೆಂಬರ್‌ನಲ್ಲಿ ಕೇಂದ್ರ ಕಚೇರಿ ಆದೇಶಿಸಿತ್ತು. ಸ್ಥಳೀಯ ಕಚೇರಿಗಳು ಒಂದು ಗುಂಪು ಇನ್ನೊಂದನ್ನು ಹೀಯಾಳಿಸುವಂತೆ ತೋರುವ ವ್ಯಂಗ್ಯಚಿತ್ರಗಳನ್ನು ಬರೆಸಿ ಹಂಚಿದವು, ಅನಾಮಧೇಯ ಪತ್ರಗಳನ್ನು ಕಳುಹಿಸಿದವು. 1969ರ ಜನವರಿ 17ರಂದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ಆವರಣದಲ್ಲಿ ಇಬ್ಬರು ಪ್ಯಾಂಥರ್ ನಾಯಕರು ಗುಂಡಿಗೆ ಬಲಿಯಾದರು. ಆ ಬಳಿಕವೂ ವ್ಯಂಗ್ಯಚಿತ್ರಗಳ ಹಂಚಿಕೆ ನಿಲ್ಲಲಿಲ್ಲ. ಕೇರಿಯಲ್ಲಿ ಹೆಚ್ಚಿದ ಗುಂಡು, ಹೊಡೆದಾಟ, ಅಶಾಂತಿಗೆ ತನ್ನ ಕಾರ್ಯಾಚರಣೆಯೂ ಕಾರಣವೆಂದು ಸ್ಯಾನ್ ಡಿಯಾಗೊ ಕಚೇರಿ ಮೇಲಿನವರಿಗೆ ಸಾಧನೆಯಂತೆ ವರದಿ ಮಾಡಿತು.

ಅಂದರೆ, ನಿಂದೆಯ ಹಿಂದೆ ಕಾಣದ ಕೈಯೊಂದಿದ್ದು ಅದು ಇಬ್ಬರನ್ನು ಕಾದಾಡಿಸಿದ್ದು ಚಾರಿತ್ರಿಕ ಸತ್ಯ. 1989ರಲ್ಲಿ ಪೊಲೀಸರನ್ನು ಬೈಯುವ ಹಾಡಿನ ಬಗ್ಗೆ ಎಫ್.ಬಿ.ಐ. ಅಧಿಕಾರಿಯೊಬ್ಬರು ಎನ್.ಡಬ್ಲ್ಯು.ಎ. ತಂಡದ ಪ್ರಕಾಶಕರಿಗೆ ಅಧಿಕೃತ ಪತ್ರ ಬರೆದದ್ದೂ ಸತ್ಯ. ವ್ಯಾಲೆಸ್ ಕೊಲೆಯ ಬಗ್ಗೆ ತಾಯಿ ವೊಲೆಟಾ ವ್ಯಾಲೆಸ್ ಮತ್ತು ಕುಟುಂಬದವರು ಲಾಸ್ ಏಂಜಲೀಸ್ ನಗರದ ಮೇಲೆ ಹೂಡಿದ ದಾವೆಯಲ್ಲಿ, ಪೊಲೀಸ್ ಇಲಾಖೆ ಸಂಬಂಧಪಟ್ಟ ದಾಖಲೆಗಳನ್ನು ಮುಚ್ಚಿಟ್ಟಿದೆಯೆಂದು 2005ರಲ್ಲಿ ನ್ಯಾಯಾಲಯವೇ ಕಂಡುಕೊಂಡು ವಿಚಾರಣೆಯನ್ನು ರದ್ದುಪಡಿಸಿತು. ಕುಟುಂಬಕ್ಕೆ 11 ಲಕ್ಷ ಡಾಲರ್ ವೆಚ್ಚ ಕೊಡುವಂತೆ ನಗರಕ್ಕೆ ಆಜ್ಞೆಯಾಯಿತು. ಇಂಥ ಅನುಭವವುಳ್ಳ ಸಮುದಾಯ ಎಲ್ಲೆಲ್ಲೂ ಸಂಚನ್ನು ಕಂಡರೆ ನಗುವ ಅಧಿಕಾರ ಹೊರಗಿನವರಿಗಿಲ್ಲ. ಆಳುವವರು ಗುಟ್ಟು ಮಾಡಿದಷ್ಟೂ ಆಳಲ್ಪಡುವವರು ಊಹೆ ಮಾಡುತ್ತಾರೆ.

ಆದರೂ ಭೇದವನ್ನು ಮರೆಯಬಾರದು. ಕೋಯಿಂಟೆಲ್‌ಪ್ರೊ ಬಯಲಾದದ್ದು ಕಡತ, ಸಹಿ, ದಿನಾಂಕ, ಪ್ರಮಾಣೀಕೃತ ಹೇಳಿಕೆಗಳಿಂದ. ಇದಕ್ಕೆ ಹೋಲಿಸಿದರೆ, 2012ರಲ್ಲಿ ಹರಿದಾಡಿದ ಅನಾಮಧೇಯ ಪತ್ರವೊಂದರ ಗತಿಯೇನು? 1991ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಹಸ್ಯ ಸಭೆ ಸೇರಿದ ಸಂಗೀತೋದ್ಯಮದ ಮುಖ್ಯಸ್ಥರು, ಖಾಸಗಿ ಸೆರೆಮನೆಗಳನ್ನು ತುಂಬಿಸಲೆಂದೇ ಅಪರಾಧವನ್ನು ವೈಭವೀಕರಿಸುವ ಹಾಡುಗಳನ್ನು ಪ್ರೋತ್ಸಾಹಿಸಲು ನಿರ್ಧರಿಸಿದರೆಂದು ಅದು ಹೇಳುತ್ತದೆ. ಬರೆದವನ ಹೆಸರಿಲ್ಲ, ಸಭೆ ನಡೆದ ಸ್ಥಳವಿಲ್ಲ, ಹಾಜರಿದ್ದವರ ಪಟ್ಟಿಯಿಲ್ಲ, ಪಾಟೀಸವಾಲಿಗೆ ಸಿಗುವ ಒಬ್ಬ ಸಾಕ್ಷಿಯೂ ಇಲ್ಲ. ಸುಳ್ಳೆಂದು ತೋರಿಸಲು ಯಾವ ಹಿಡಿಯೂ ಇಲ್ಲದಂತೆ ಹೆಣೆದ ಕಥೆ ಅದು. ಅಲ್ಲಗಳೆಯಲಾಗದ ಮಾತು ಮೇಲ್ನೋಟಕ್ಕೆ ಬಲಿಷ್ಠ. ಸಾಕ್ಷ್ಯ ಶಾಸ್ತ್ರದ ದೃಷ್ಟಿಯಲ್ಲಿ ಅದುವೇ ಅತ್ಯಂತ ದುರ್ಬಲ. ಅದಕ್ಕಿಂತ ದೊಡ್ಡ ಹಾನಿಯೆಂದರೆ, ಕರಿಯ ಯುವಕರನ್ನು ಸೆರೆಮನೆಗೆ ತಳ್ಳಿದ ಬಹಿರಂಗ ಕಾನೂನುಗಳು, ಬಹಿರಂಗ ಮತದಾನಗಳು ಇಂಥ ಕಥೆಯ ನೆರಳಲ್ಲಿ ಮರೆಯಾಗುತ್ತವೆ.

ಕತ್ತಿಯ ಇನ್ನೊಂದು ಅಲಗು

ಹಾಡಿನ ಮಾತನ್ನು ವಾಸ್ತವವೆಂದು ಗಣಿಸಬೇಕೆ ಎಂಬ ಪ್ರಶ್ನೆ ಕೋಟ್ಯಧೀಶರ ಜಗಳಕ್ಕೆ ಸೀಮಿತವಾಗಿದ್ದರೆ ಇಷ್ಟು ಚರ್ಚೆ ಬೇಕಿರಲಿಲ್ಲ. ಅಮೆರಿಕದ ಕ್ರಿಮಿನಲ್ ನ್ಯಾಯಾಲಯಗಳಲ್ಲಿ ರ‍್ಯಾಪ್ ಸಾಲುಗಳನ್ನು ತಪ್ಪೊಪ್ಪಿಗೆಯಂತೆ ಓದಿ ಹೇಳುವ ಪದ್ಧತಿ ದಶಕಗಳಿಂದ ಇದೆ. ಲೂಯಿಸಿಯಾನದ ಮೆಕಿನ್ಲಿ ಫಿಪ್ಸ್ ಎಂಬ ಗಾಯಕನನ್ನು 2001ರಲ್ಲಿ ಕೊಲೆಯೊಂದರ ಸಂಬಂಧ 30 ವರ್ಷಗಳ ಸೆರೆವಾಸಕ್ಕೆ ಗುರಿಪಡಿಸಲಾಯಿತು. ಗುಂಡು ಹಾರಿಸಿದ್ದು ತಾನೆಂದು ಬೇರೊಬ್ಬ ಹೇಳಿದ್ದ. ಆದರೂ ಸರಕಾರಿ ವಕೀಲರು ಎರಡು ಬೇರೆ ಬೇರೆ ಹಾಡುಗಳ ಸಾಲುಗಳನ್ನು ಜೋಡಿಸಿ ಜ್ಯೂರಿಯ ಮುಂದಿಟ್ಟಿದ್ದರು. ಆತ ಹೊರಬಂದದ್ದು 2021ರಲ್ಲಿ. ಅಟ್ಲಾಂಟಾದ ಯಂಗ್ ಥಗ್ ಎಂಬ ಗಾಯಕನ ಪ್ರಕರಣದಲ್ಲಿಯೂ ಹಾಡುಗಳನ್ನು ಸಾಕ್ಷ್ಯವಾಗಿ ಬಳಸಲು 2023ರಲ್ಲಿ ನ್ಯಾಯಾಧೀಶರು ಷರತ್ತುಬದ್ಧ ಅನುಮತಿ ಕೊಟ್ಟರು. ಇದನ್ನು ಪ್ರತಿಭಟಿಸಿ 2022ರ ನವೆಂಬರ್‌ನಲ್ಲಿ ಕಲಾವಿದರೂ ಸಂಗೀತ ಸಂಸ್ಥೆಗಳೂ ಬಹಿರಂಗ ಪತ್ರವೊಂದನ್ನು ಪ್ರಕಟಿಸಿದರು. ರ‍್ಯಾಪ್ ಒಂದು ಕಲೆ, ಅದರಲ್ಲಿ ಪಾತ್ರವೂ ಉತ್ಪ್ರೇಕ್ಷೆಯೂ ಇರುತ್ತವೆ ಎಂಬುದು ಅದರ ತಿರುಳು. ಸಹಿ ಹಾಕಿದವರಲ್ಲಿ ಡ್ರೇಕ್ ಕೂಡ ಒಬ್ಬರು. ಯೂನಿವರ್ಸಲ್ ಪರ ವಕೀಲರು ಇದನ್ನು ನ್ಯಾಯಾಲಯದಲ್ಲಿ ನೆನಪಿಸದೆ ಬಿಡಲಿಲ್ಲ. ಕ್ಯಾಲಿಫೋರ್ನಿಯ ರಾಜ್ಯ ಅದೇ ವರ್ಷ ಇಂಥ ಸಾಕ್ಷ್ಯಕ್ಕೆ ಮಿತಿ ಹಾಕುವ ಕಾನೂನು ಮಾಡಿತು.

ಇಲ್ಲಿ ಸುಲಭದ ಉತ್ತರವಿಲ್ಲ. ಹಾಡಿನ ಮಾತನ್ನು ವಾಸ್ತವವೆಂದರೆ ಫಿಪ್ಸ್‌ನಂಥವರು ತಮ್ಮ ಪ್ರಾಸಕ್ಕಾಗಿ ಸೆರೆಮನೆ ಸೇರುತ್ತಾರೆ. ಕೇವಲ ಕಲೆಯೆಂದರೆ ಅತ್ಯಂತ ಹೀನವಾದ ಆರೋಪವನ್ನು ಹೊತ್ತು ಬದುಕಬೇಕಾದವನಿಗೆ ನ್ಯಾಯಾಲಯದ ಬಾಗಿಲು ಮುಚ್ಚುತ್ತದೆ. ನ್ಯೂಯಾರ್ಕಿನ ನ್ಯಾಯಾಲಯ ಎರಡನೆಯ ಕಷ್ಟವನ್ನು ಸಹಿಸುವುದು ಲೇಸೆಂದು ಭಾವಿಸಿತು. ದುರ್ಬಲನ ಸ್ವಾತಂತ್ರ್ಯ ಮತ್ತು ಬಲ್ಲಿದನ ಕೀರ್ತಿ ತಕ್ಕಡಿಯಲ್ಲಿ ಎದುರುಬದುರಾದಾಗ ಆ ಆಯ್ಕೆಯನ್ನು ಸಮರ್ಥಿಸಬಹುದು. ಆದರೆ ಅದಕ್ಕೆ ಬೆಲೆಯಿಲ್ಲವೆಂದು ನಟಿಸಲಾಗದು.

ಭಾರತದಲ್ಲಿ ಇದೇ ವ್ಯಾಜ್ಯ ನಡೆದಿದ್ದರೆ ದಾರಿ ಬೇರೆಯಾಗುತ್ತಿತ್ತು. ಇಲ್ಲಿ ಮಾನಹಾನಿ ಕ್ರಿಮಿನಲ್ ಅಪರಾಧವೂ ಹೌದು. 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು ಅದನ್ನು ಮುಂದುವರಿಸಿದೆ. ಸತ್ಯವನ್ನೇ ಆಡಿದ್ದರೂ ಅದು ಸಾರ್ವಜನಿಕ ಹಿತಕ್ಕಾಗಿ ಎಂದು ತೋರಿಸಬೇಕು. ತಾನು ಬರೆದದ್ದಲ್ಲ, ಬಂದದ್ದನ್ನು ಕಳುಹಿಸಿದೆ ಅಷ್ಟೇ ಎಂಬ ಸಮಜಾಯಿಷಿಯೂ ನಡೆಯದು: ಸಂದೇಶವನ್ನು ಮುಂದಕ್ಕೆ ಕಳುಹಿಸಿದವನು ಅದರ ಹೊಣೆಯನ್ನು ಹೊರಬೇಕೆಂದು ಮದ್ರಾಸ್ ಉಚ್ಚ ನ್ಯಾಯಾಲಯ 2023ರಲ್ಲಿ ಹೇಳಿದೆ; ಸುಪ್ರೀಂ ಕೋರ್ಟ್ ಅದರಲ್ಲಿ ಹಸ್ತಕ್ಷೇಪ ಮಾಡಲಿಲ್ಲ. ಇಂಥದೊಂದು ಕಥೆ ಕೈಗೆ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ. ಹೇಳುತ್ತಿರುವವನಿಗೆ ಹೆಸರಿದೆಯೆ? ಅವನಿಗೆ ಅದು ಕಂಡು ತಿಳಿದದ್ದೋ ಕೇಳಿ ತಿಳಿದದ್ದೋ? ಮೂಲ ದಾಖಲೆ ಎಲ್ಲಿದೆ, ಅದರ ನೈಜತೆಯನ್ನು ಯಾರು ಪರೀಕ್ಷಿಸಿದ್ದಾರೆ? ಆರೋಪ ಹೊತ್ತವನಿಗೆ ಉತ್ತರಿಸಲು ಅವಕಾಶ ಸಿಕ್ಕಿದೆಯೆ? ಯಾವ ಸಂಗತಿ ಹೊರಬಂದರೆ ಈ ಕಥೆ ಸುಳ್ಳೆಂದು ಒಪ್ಪಬಹುದು? ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ಕಥೆಯನ್ನು ಮುಂದಕ್ಕೆ ಕಳುಹಿಸದಿರುವುದೇ ಕ್ಷೇಮ.

ಟುಪಾಕ್ ಪ್ರಕರಣದಲ್ಲಿ ತಡವಾಗಿಯಾದರೂ ಆರೋಪಿಯೊಬ್ಬ ನ್ಯಾಯಾಲಯದ ಮುಂದೆ ನಿಂತಿದ್ದಾನೆ. ವ್ಯಾಲೆಸ್ ಕೊಲೆಯಲ್ಲಿ ಯಾರ ಮೇಲೂ ಆರೋಪ ಹೊರಿಸಲಾಗಿಲ್ಲ. ಆ ಕೊಲೆಯ ಸುತ್ತ ಪುಸ್ತಕಗಳೂ ಸಾಕ್ಷ್ಯಚಿತ್ರಗಳೂ ಚಲನಚಿತ್ರಗಳೂ ಬಂದವು. ಪ್ರತಿಯೊಂದೂ ಕೊಲೆಗಾರನ ಹಿಂದಿನ ಸೂತ್ರಧಾರನನ್ನು ತಾನು ಬಲ್ಲೆನೆಂದಿತು. ಮಗನ ಕೊಲೆಗೆ ನ್ಯಾಯ ಕೇಳುತ್ತ ಇಪ್ಪತ್ತೆಂಟು ವರ್ಷ ಬಾಳಿದ ವೊಲೆಟಾ ವ್ಯಾಲೆಸ್ 2025ರ ಫೆಬ್ರವರಿ 21ರಂದು ನಿಧನರಾದರು. ಅಷ್ಟೆಲ್ಲ ಕಥೆಗಳ ನಡುವೆ ಅವರ ಪಾಲಿಗೆ ನ್ಯಾಯಾಲಯದಲ್ಲಿ ಪ್ರಯೋಜನಕ್ಕೆ ಬಂದದ್ದು ಪೊಲೀಸರು ಮುಚ್ಚಿಟ್ಟು ಬಳಿಕ ಸಿಕ್ಕಿಬಿದ್ದ ಕೆಲವು ಹಾಳೆಗಳು ಮಾತ್ರ.